ಇನ್ನೂರ ಅರವತ್ತು ಕಿಲೋ

ಪುಂತಾ ಅರೇನಾಸಿನಲ್ಲಿ ಗಾಳಿ
ಯಾರನ್ನೂ ಕೇಳಿ ಒಳಗೆ ಬರುವುದಿಲ್ಲ.
ಜಲಸಂಧಿಯಿಂದೆದ್ದು, ತಗಡಿನ ಬಾಗಿಲಡಿ
ಎರಡು ಬೆರಳ ಸಂದಿಯಲ್ಲಿ ತೂರಿ
ಗ್ಯಾರೇಜಿನ ನೆಲ ಗುಡಿಸಿ ಹೋಗುತ್ತದೆ.
ನೆಲಿದಾ ದೊಡ್ಡಮ್ಮ ಒಲೆ ಹಚ್ಚುವುದಿಲ್ಲ, ಪೆಟ್ರೋಲಿರುವ ಜಾಗ.
ಎರಡು ಸ್ವೆಟರು ತೊಟ್ಟು
ಸೋರೆ ಬುರುಡೆಯಲ್ಲಿ ಕಹಿ ಚಹಾ ಹೀರುತ್ತಾಳೆ.
ಅಲ್ಲಿಯವರೆಗೂ ಬೈಕು
ಓರೆಗಾಲಲ್ಲಿ ನಿಂತು ಕಾಯಬೇಕು,
ಬಾಕಿ ಕೇಳಲು ಬಂದ ದಪ್ಪ ಮನುಷ್ಯನ ಹಾಗೆ.

"ಎಷ್ಟು ಭಾರ?"
"ಇನ್ನೂರ ಅರವತ್ತು. ನಿನ್ನಂಥ ನಾಲ್ಕು ಜನ,
ನಾಲ್ವರೂ ಕುಡಿದು ಮಲಗಿದ್ದಾರೆ ಅಂದುಕೋ.
ಎತ್ತಲು ಹೋಗಬೇಡ.
ತಾನೇ ಏಳುವ ಹಾಗೆ ಮಾಡು."

ಹಿಂಚಕ್ರದಡಿ ಲೆಂಗಾ ಮರದ ಹಲಗೆ, ಬೆರಳು ದಪ್ಪ;
ಅಷ್ಟು ಎತ್ತರ ಪುಕ್ಕಟೆ.
ಎಡಗೈ ಹ್ಯಾಂಡಲಿಗೆ, ಬಲಗೈ ಸೀಟಿನಡಿಯ ಹಿಡಿಗೆ,
ಬಲಪಾದ ಸ್ಟ್ಯಾಂಡಿನ ನಾಲಿಗೆಗೆ.
ಸ್ಟ್ಯಾಂಡಿನ ಎರಡೂ ಕಾಲು ನೆಲ ಮುಟ್ಟಿದ್ದು
ಅಂಗಾಲಿಗೆ ತಿಳಿಯಬೇಕು, ಕಣ್ಣಿಗಲ್ಲ.
"ಈಗ ಮೆಟ್ಟಿಲು ಹತ್ತು."

ನಾನು ತೋಳಿಂದ ಎಳೆದೆ.
ಬೈಕು ಕದಲಲಿಲ್ಲ, ಕದಲಿದ್ದು ನನ್ನ ನಡು.

ಮೂವತ್ತು ವರ್ಷ ಬೆಂಕಿನಾಡಿನ ದೋಣಿಗಳ
ಎಂಜಿನ್ ಕೋಣೆಯಲ್ಲಿ ಬೆವರಿದವಳು,
ನನ್ನ ಭುಜಕ್ಕೂ ಬಾರದವಳು
ನಾಲಿಗೆಯ ಮೇಲೆ ನಿಂತಳು, ಸುಮ್ಮನೆ ನಿಂತಳು.
ಅವಳು ಇಳಿದಳು, ಅದು ಏರಿತು,
ಬಾವಿಯ ಎರಡು ಕೊಡಗಳಂತೆ.

ಆಮೇಲೆ ಮಾತು ಕಡಿಮೆ.
ಜಾಕು ಫ್ರೇಮಿಗೆ ಕೊಡು; ಎಣ್ಣೆ ಬಾಣಲೆಗೆ ಕೊಟ್ಟವನು
ಮೊಟ್ಟೆಯ ಮೇಲೆ ಕೂತವನು.
ನಡುವೆ ಮರದ ತುಂಡಿರಲಿ.
ಜಾಕು ಏರಿಸುವುದಕ್ಕೆ, ಹೊರುವುದಕ್ಕಲ್ಲ.
ತೊಲೆಯಿಂದ ಎರಡು ಪಟ್ಟಿ ಇಳಿಬಿಡು, ಸ್ವಲ್ಪ ಸಡಿಲ,
ನಡೆ ಕಲಿಯುವ ಮಗುವಿನ ಹಿಂದೆ ಚಾಚಿದ ಕೈಗಳಷ್ಟು.
ಕೆಳಗೆ ಕೈ ತೂರಿಸುವ ಮೊದಲು ಅಲುಗಿಸು.
ಬೀಳುವುದಿದ್ದರೆ
ನೀನು ನೋಡುತ್ತಿರುವಾಗಲೇ ಬೀಳಲಿ.

"ಬಿದ್ದರೆ?"
"ಕೈಬಿಡು."

ಕೈಬಿಡಬೇಡ ಎಂದೇ ಕೇಳಿ ಬೆಳೆದ ಕಿವಿಗೆ
ಅದು ಬೈಗುಳದ ಹಾಗೆ ಕೇಳಿಸಿತು.
ಅವಳು ಬಾಹಾಮೋಂದೆಯ ಕತೆ ಹೇಳಿದಳು:
ಪೆಟ್ರೋಲು ಬಂಕಿನಲ್ಲಿ, ಜನರೆದುರು, ವಾಲಿದ ಬೈಕನ್ನು
ಮರ್ಯಾದೆಗಂಜಿ ಹಿಡಿದೇ ಹಿಡಿದ.
ಬೈಕಿಗೆ ಒಂದು ಗೀರೂ ಇಲ್ಲ.
ಅವನ ಷೂ ಲೇಸನ್ನು ಇವತ್ತಿಗೂ ಮಗಳು ಕಟ್ಟುತ್ತಾಳೆ.

ಆಗಸ್ಟಿನ ಒಂದು ಸಂಜೆ, ಅವಳು ಒಳಗೆ ಫೋನಿನಲ್ಲಿದ್ದಾಗ
ಜಾಣತನ ತೋರಿಸಲು ಹಿಂಚಕ್ರ ಕಳಚಿದೆ.
ಭಾರ ಮೂತಿಗೆ ಜಾರಿತು.
ಮುಂಚಕ್ರಕ್ಕೆ ಅಡ್ಡ ಇಟ್ಟಿರಲಿಲ್ಲ, ಬ್ರೇಕು ಕಟ್ಟಿರಲಿಲ್ಲ,
ಪಟ್ಟಿಗಳು ಗೂಟದಲ್ಲೇ ನೇತಾಡುತ್ತಿದ್ದವು.
ಬಿಗಿದ ನಟ್ಟಿಗೆ ಒಂದು ಜಗ್ಗು ಕೊಟ್ಟೆ.
ಬೈಕು ಒಂದು ಹೆಜ್ಜೆ ಮುಂದೆ ನಡೆಯಿತು,
ಎತ್ತಲೋ ಹೊರಟಂತೆ,
ಆಮೇಲೆ ಎಡಕ್ಕೆ.

ನನ್ನ ಎರಡೂ ಕೈ ಆಗಲೇ ಚಾಚಿದ್ದವು.
ಬಾಗಿಲಿಂದ ಒಂದೇ ಕೂಗು.
ಕೈ ಹಿಂದೆ ಬಂತು. ಹೇಗೆ ಬಂತೋ.

ಸದ್ದು ಅಡಗಿದ ಮೇಲೆ ಗಾಳಿ ಮಾತ್ರ.
ದೊಡ್ಡಮ್ಮ ಬೈಕಿನ ಕಡೆ ನೋಡಲೇ ಇಲ್ಲ,
ನನ್ನ ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ಎಣಿಸಿದಳು.
ಹತ್ತು. ಇನ್ನೊಮ್ಮೆ ಎಣಿಸಿದಳು.

ಚಕ್ರವಿಲ್ಲದ್ದನ್ನು ಬೆನ್ನು ಕೊಟ್ಟು ಎಬ್ಬಿಸಲಾಗದು.
ಬಂದರಿನಿಂದ ಸರಪಳಿ ರಾಟೆ ಬರಲು ಎರಡು ದಿನ.
ಟ್ಯಾಂಕು ಮೊದಲೇ ಖಾಲಿ ಮಾಡಿಸಿದ್ದಳು, ಪುಣ್ಯಕ್ಕೆ.
ಎರಡು ದಿನವೂ ಅದು ಮಗ್ಗುಲಾಗಿ ಮಲಗಿತ್ತು,
ಸೀಟಿನ ಓರೆಯಲ್ಲಿ ಪಕ್ಕದ ಮನೆಯ ಬೆಕ್ಕು.

ಕನ್ನಡಿ ಹೊಸದು ಹಾಕಿದೆವು.
ಬಾಗಿದ ಕ್ಲಚ್ ಲಿವರನ್ನು ಅವಳು ಬದಲಿಸಗೊಡಲಿಲ್ಲ.
ಗಾಳಿಗೆದುರಾಗಿ ಹೊರಡುವ ಬೆಳಗುಗಳಲ್ಲಿ
ನನ್ನ ಬೆರಳುಗಳು ಆ ಸೊಟ್ಟವನ್ನು ಹುಡುಕಿ ಹಿಡಿಯುತ್ತವೆ,
ಮೆಲ್ಲಗೆ ಬಿಡುತ್ತವೆ.